ನಂಬರಿಲ್ಲದ ಪ್ಲೇಟುಗಳು

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ! ಎಂಟನೇ ಕ್ಲಾಸಿಗೆ ಪುಸ್ತಕ ಎಸೆದು ಬಂದೋನು ನನಗೇ ಸ್ಪೀಡಿನ ಪಾಠ ಹೇಳ್ತಾನೆ, ಕೇಳ್ರಪ್ಪಾ!"

ಸೂಪರ್‌ವೈಸರ್ ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದ. ಬೈಸಿಕೊಂಡ ಬೆಸುಗೆಯವನಿಗೆ ಮನೆಯಲ್ಲಿ ಆತ ಭಾವ, ಅಕ್ಕನ ಗಂಡ, ಇಲ್ಲಿ ಸಾರ್. ಯಾರೋ ಕಿಸಕ್ಕೆಂದರು. ಬೆಸುಗೆಯವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮೂರು ದಿನದಿಂದ ಎರಡೆರಡು ಪಾಳಿ ನಿಂತ ಕಾಲುಗಳಿಗೆ ಆ ಸಿಟ್ಟನ್ನು ಹೊರುವ ತ್ರಾಣವಿರಲಿಲ್ಲ.

ಅವನ ಯಂತ್ರ ಅಲ್ಯೂಮಿನಿಯಂ ಕರಗಿಸುವುದಿಲ್ಲ. ಗಿರಗಿರ ತಿರುಗುವ ಮೊಳೆಯೊಂದು ಎರಡು ಪ್ಲೇಟುಗಳ ಸಂದಿಗೆ ಇಳಿದು, ತಿಕ್ಕಾಟದ ಬಿಸಿಗೆ ಮೆತ್ತಗಾದ ಲೋಹವನ್ನು ಹಿಟ್ಟು ನಾದಿದಂತೆ ಕಲೆಸುತ್ತ ಸಾಗುತ್ತದೆ. ನಿಮಿಷಕ್ಕೆ ಎಂಬತ್ತು ಮಿಲಿಮೀಟರ್ ಸಾಗಿದರೆ ಹದ. ಭಾವ ನಿನ್ನೆ ಅದನ್ನು ಇನ್ನೂರಕ್ಕೆ ಏರಿಸಿದ್ದ. ಲೋಹಕ್ಕೆ ಬಿಸಿಯಾಗಲೂ ಪುರುಸೊತ್ತಿಲ್ಲ.

ಬೆಸೆದವನು ಪ್ಲೇಟಿನ ಮೂಲೆಯಲ್ಲಿ ತನ್ನ ನಂಬರ್ ಒತ್ತದೆ ಮಾಲು ಗೇಟು ದಾಟುವಂತಿಲ್ಲ. ನಿನ್ನೆ ಬೆಸೆದ ನಲವತ್ತು ಪ್ಲೇಟುಗಳಲ್ಲಿ ಅವನ ನಂಬರ್ ಹದಿನೇಳು ಇದ್ದದ್ದು ಒಂದೇ ಒಂದರ ಮೇಲೆ; ಭಾವ ಊಟಕ್ಕೆ ಹೋದಾಗ ಎಂಬತ್ತಕ್ಕಿಳಿಸಿ ಬೆಸೆದದ್ದು.

"ಉಳಿದದ್ದಕ್ಕೆ ಯಾಕೋ ಒತ್ತಿಲ್ಲ?"

"ಅವನ್ನ ಓಡಿಸಿದ್ದು ನಿಮ್ಮ ಅವಸರ ಸಾರ್. ನಿಮ್ಮ ಹೆಸರೇ ಒತ್ಕೊಳ್ಳಿ."

"ನಾಲಿಗೆ ನೋಡ್ರಿ ಇವನ್ದು! ನಂಬರಿಲ್ಲದ್ದನ್ನೇ ಬಗ್ಸಿ ನೋಡೋಣ. ಮುರೀದಿದ್ರೆ ಇವತ್ತಿಂದ ಮಷೀನ್ ಮುಟ್ಟಂಗಿಲ್ಲ ನೀನು. ಪೊರಕೆ ಹಿಡಿ."

ಬೆಸುಗೆಯವನು ಹೂಂ ಎಂದ. ಜನ್ಮದಲ್ಲಿ ಅವನು ಪೂರ್ತಿ ಓದಿದ ಪುಸ್ತಕ ಆ ಮಷೀನೊಂದೇ.

ಬೆಸುಗೆ ಪರೀಕ್ಷಿಸುವ ಮುದುಕ ನಂಬರಿಲ್ಲದ ಪ್ಲೇಟೊಂದನ್ನು ಬಗ್ಗಿಸುವ ಪ್ರೆಸ್ಸಿಗಿಟ್ಟ. ಬೆಸುಗೆ ಮುಖ ನೋಡಿಕೊಳ್ಳುವಷ್ಟು ನುಣುಪು. ಅರ್ಧ ಬಾಗುವುದರೊಳಗೆ ಟಪ್ಪೆಂದಿತು. ಒಳಗೆ ಉದ್ದಕ್ಕೂ ಗೆದ್ದಲು ಕೊರೆದಂಥ ಸುರಂಗ.

"ಮೇಲೆ ಥಳಕು, ಒಳಗೆ ಹುಳುಕು," ಎಂದ ಮುದುಕ, ಹದಿನೇಳು ಒತ್ತಿದ್ದ ಪ್ಲೇಟನ್ನು ಇಡುತ್ತ. ಅದು ಲಾಳದಂತೆ ಬಾಗಿತು, ಕೂದಲೆಳೆಯಷ್ಟೂ ಬಿರುಕಿಲ್ಲ.

ಆಗ ಕಿಸಕ್ಕೆಂದವರೇ ಬಂದು ಅದನ್ನು ಮುಟ್ಟಿ ನೋಡಿದರು. ಹೊರಗೆ ಲಾರಿ ಹಾರ್ನ್ ಹೊಡೆಯಿತು. ಭಾವ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ಶೆಡ್ಡಿನೊಳಗೆ ಹಾಗೆ ಮುಟ್ಟಿದ್ದು ಅದೇ ಮೊದಲು.

"ಆಗಿದ್ದು ಆಯ್ತು ಮಾರಾಯ. ಉಳಿದವಕ್ಕೂ ಒತ್ಬಿಡು, ಲಾರಿ ಕಾಯ್ತಿದೆ. ನಾವೇನು ಹೊರಗಿನವ್ರಾ? ನಿಮ್ಮಕ್ಕನ ಮುಖ ನೋಡಾದ್ರೂ..."

ಬೆಸುಗೆಯವನು ನಂಬರಿನ ಅಚ್ಚನ್ನು ಜೇಬಿಗಿಳಿಸಿದ. ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಕಾಲೆಳೆಯುತ್ತ ಬಾಗಿಲತ್ತ ನಡೆದ.