ಬೂನ್ ಟ್ಯಾಕೆಟ್ ಒಂದೂ ಚೆಂಡು ಬಿಡಲಿಲ್ಲ

ಬೇಸ್‌ಬಾಲ್ ಆಡುವ ಹುಡುಗರನ್ನು ನೋಡಿ ಕ್ಲಬ್ಬಿಗೆ ಹೆಸರು ಹೇಳುವುದು ಲಾನಿ ಪ್ರೂಯಿಟ್‌ನ ಕೆಲಸ. ಒಕ್ಲಹೋಮದ ಊರೂರಿನ ಮೈದಾನದ ಬೆಂಚಿನಲ್ಲಿ ಕೂತು ಅವನು ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆಯಿಂದ ಒಂದೆರಡು ಮೈದಾನಗಳು ಮೊಣಕಾಲೆತ್ತರ ಮೇಲೇರಿದ್ದವು. ಅವನ ದೌರ್ಬಲ್ಯ ಒಂದೇ. ಬ್ಯಾಟಿಗೆ ಚೆಂಡು ಸರಿಯಾಗಿ ಬಡಿದ ಸದ್ದು ಕೇಳಿದರೆ ಸಾಕು, ಹೊಡೆದವನಿಗೆ ಹಿಡಿಯಲು ಕೈ ಇದೆಯೇ ಎಂದು ನೋಡುವುದೇ ಮರೆತುಹೋಗುತ್ತಿತ್ತು.

ಆ ವರ್ಷ ಕ್ಲಬ್ಬುಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟು ಹತ್ತಿರ ಬಂದಾಗ ಕ್ಲಬ್ಬಿನ ಒಡತಿ ಗೇಲ್ ಹಾಫ್‌ಸ್ಟೆಟರ್ ಫೋನು ಮಾಡಿದಳು.

"ಲಾನಿ, ನೀನು ಇಲ್ಲೀತನಕ ಕಳ್ಸಿದ್ದು ಆಟಗಾರರನ್ನಲ್ಲ, ಬ್ಯಾಟು ಕಟ್ಟಿದ ಗೂಟಗಳನ್ನ. ಈ ಸಲ ಒಂದೇ ಹೆಸರು ಕೇಳ್ತೀನಿ. ಅದೂ ಗೂಟ ಆದ್ರೆ ಮೀಸೆಮೀನಿನ ವೇಷ ನಿಂದೇ."

ಮೀಸೆಮೀನು ಆ ಕ್ಲಬ್ಬಿನ ಗುರುತು. ಪಂದ್ಯದ ನಡುವೆ ಅದರ ವೇಷ ಹಾಕಿಕೊಂಡವನು ಮಕ್ಕಳ ಮುಂದೆ ಕುಣಿಯಬೇಕು.

"ಅದಕ್ಕೆ ಡೇಲ್ ಇದಾನಲ್ಲ ಮೇಡಂ?"

"ಸೆಕೆಗೆ ಮೂರ್ಛೆ ಹೋದ. ವೇಷ ಇನ್ನೂ ಒಣಗಿಲ್ಲ."

ಲಾನಿಯ ಮನಸ್ಸಿನಲ್ಲಿದ್ದವರು ಇಬ್ಬರು, ಒಂದೇ ಶಾಲೆಯ ತಂಡದವರು. ಬೂನ್ ಟ್ಯಾಕೆಟ್ ಹೊಡೆದರೆ ಚೆಂಡು ವಾಪಸು ಬರುವ ಮಾತಿಲ್ಲ. ಒಮ್ಮೆ ಅವನು ಹೊಡೆದದ್ದು ಹೆದ್ದಾರಿಯಲ್ಲಿ ಹೋಗುತ್ತಿದ್ದ ಗೋಧಿ ಲಾರಿಯೊಳಗೆ ಬಿದ್ದು ಪಕ್ಕದ ರಾಜ್ಯ ಕಾನ್ಸಸ್ ಸೇರಿತ್ತು. ಅದು ಇನ್ನೂ ನೆಲ ಮುಟ್ಟಿಲ್ಲವೆಂದು ಊರವರ ವಾದ. ಇನ್ನೊಬ್ಬ ವೆಂಡೆಲ್ ಓಚೋವಾ. ಹಾರುವ ನೊಣವನ್ನು ಹಿಡಿದು, ನೋಡಿ, ಬೇರೆ ನೊಣ ಬೇಕಾದರೆ ಇದನ್ನು ಬಿಟ್ಟು ಅದನ್ನು ಹಿಡಿಯುವವ. ಆದರೆ ಬ್ಯಾಟು ಕೊಟ್ಟರೆ ಬರೀ ಗಾಳಿ ಬೀಸುತ್ತಿದ್ದ. ಎದುರಾಳಿಗಳು ಸೆಕೆ ದಿನ ಅವನ ಹತ್ತಿರ ಬಂದು ನಿಲ್ಲುತ್ತಿದ್ದರು.

ಆ ಶಾಲೆಯ ಪಂದ್ಯಗಳಿಗೆ ಅಂಕ ಬರೆಯುತ್ತಿದ್ದವನು ಊರಿನ ಕ್ಷೌರಿಕ ಮರ್ಲ್. ಲಾನಿ ಅವನ ಪಕ್ಕ ಕೂತ.

"ಬೂನ್ ಹಿಡಿಯೋದ್ರಲ್ಲಿ ಹೇಗಪ್ಪಾ?"

"ಈ ವರ್ಷ ಒಂದೇ ಒಂದು ತಪ್ಪಿಲ್ಲ ಕಣಯ್ಯಾ."

"ವೆಂಡೆಲ್?"

"ಅಯ್ಯೋ, ಅವನ ಕೈ ಜರಡಿ. ತಪ್ಪು ಬರೆದೂ ಬರೆದೂ ನನ್ ಪೆನ್ಸಿಲ್ಲೇ ಸವೆದುಹೋಯ್ತು."

ಲಾನಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಹೊಡೆತವೂ ಉಂಟು, ಹಿಡಿತವೂ ಉಂಟು! ಗೇಲ್‌ಗೆ ಹೇಳಲು ಫೋನು ತೆಗೆದ. ಅಷ್ಟರಲ್ಲಿ ಎಡಮೈದಾನದಲ್ಲಿ ನಿಂತಿದ್ದ ಬೂನ್‌ನ ಕಡೆ ಒಂದು ಚೆಂಡು ಮೆಲ್ಲಗೆ ಏರಿತು. ಬೂನ್ ಮಳೆ ಬರುತ್ತದೇನೋ ಎಂಬಂತೆ ಆಕಾಶ ನೋಡಿದ. ಚೆಂಡು ಅವನ ಹಿಂದೆ ಬಿದ್ದು, ಎರಡು ಸಲ ಪುಟಿದು, ಸುಮ್ಮನಾಯಿತು.

"ಬರಿ ತಪ್ಪು!" ಎಂದ ಲಾನಿ.

"ಮುಟ್ಟಿದ್ನಾ? ಕೈಗೆ ತಾಗದೆ ಇದ್ರೆ ತಪ್ಪು ಬರೆಯಲ್ಲ. ಅದು ಹೊಡೆದವನ ಅದೃಷ್ಟ."

ಮುಂದಿನ ಚೆಂಡೂ ಅಲ್ಲಿಗೇ ಹೋಯಿತು. ಓಟಗಾರರು ಮುಟ್ಟಿ ಹೋಗುವ ಎರಡನೇ ಮತ್ತು ಮೂರನೇ ಬೇಸಿನ ನಡುವೆ ಇರಬೇಕಿದ್ದ ವೆಂಡೆಲ್ ತಿರುಗಿ ಓಡಿದ, ನಿಂತಿದ್ದ ಬೂನ್‌ನನ್ನು ಕಂಬ ಸುತ್ತಿದಂತೆ ಸುತ್ತಿಕೊಂಡು ಹೋದ, ಬೇಲಿಯ ಹತ್ತಿರ ಮೈ ಚೆಲ್ಲಿದ. ಚೆಂಡು ಗ್ಲೌಸಿನ ತುದಿಗೆ ತಾಗಿ ಜಾರಿತು.

"ನೋಡು, ಮತ್ತೊಂದು!" ಎಂದು ಮರ್ಲ್ ಪೆನ್ಸಿಲ್ಲಿಗೆ ಎಂಜಲು ಹಚ್ಚಿದ.

ಲಾನಿ ಫೋನು ಜೇಬಿಗಿಟ್ಟ. ಪಂದ್ಯ ಮುಗಿದ ಮೇಲೆ ಬೂನ್‌ನನ್ನು ಹಿಡಿದು ಕೇಳಿದ.

"ಯಾಕಪ್ಪಾ, ನೀನು ಓಡೋದಿಲ್ವಾ?"

"ವೆಂಡೆಲ್ ಓಡ್ತಾನಲ್ಲ ಸರ್. ಇಬ್ರೂ ಓಡಿದ್ರೆ ಡಿಕ್ಕಿ ಆಗುತ್ತೆ."

ಡ್ರಾಫ್ಟಿನ ದಿನ ಲಾನಿ ಎದೆ ಗಟ್ಟಿ ಮಾಡಿಕೊಂಡು ವೆಂಡೆಲ್‌ನ ಹೆಸರು ಹೇಳಿದ.

"ಹೊಡೀತಾನಾ?" ಎಂದಳು ಗೇಲ್.

"ಇಲ್ಲ ಮೇಡಂ."

"ಸ್ವಲ್ಪನೂ?"

"ನೊಣ ಹೊಡೀತಾನೆ."

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು. ಆಮೇಲೆ, "ನಿನ್ನ ಸೊಂಟದ ಅಳತೆ ಕಳ್ಸು."

ಆದರೂ ವೆಂಡೆಲ್‌ನನ್ನೇ ತೆಗೆದುಕೊಂಡಳು. ಬೂನ್‌ನನ್ನು ಇನ್ನೊಂದು ಕ್ಲಬ್ಬು ಬ್ಯಾಂಡು ಬಾರಿಸಿ ಕರೆದುಕೊಂಡು ಹೋಯಿತು. ಮುಂದಿನ ಬೇಸಿಗೆಯಲ್ಲಿ ವೆಂಡೆಲ್ ತನ್ನ ಕಡೆ ಬಂದದ್ದನ್ನೆಲ್ಲ ಹಿಡಿದ, ತನ್ನದಲ್ಲದ್ದನ್ನೂ ಹಿಡಿದ. ಬ್ಯಾಟಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲ. ಜೂನ್ ತಿಂಗಳ ಹೊತ್ತಿಗೆ ಲಾನಿ ಮೀನಿನ ಹೊಟ್ಟೆಯಲ್ಲಿದ್ದ. ಒಳಗೆ ಗಾಳಿ ಬರುವುದು ಬಾಯಿಯಿಂದ ಮಾತ್ರ. ಡೇಲ್‌ನ ನೆನಪು ಎಲ್ಲ ಕಡೆಯಿಂದ ಬರುತ್ತಿತ್ತು.

ಆಗ ಬೂನ್‌ನ ಕ್ಲಬ್ಬು ಆಡಲು ಬಂತು. ಬೂನ್ ಹೊಡೆದ ಗುಂಡಿನಂಥ ಚೆಂಡುಗಳನ್ನು ವೆಂಡೆಲ್ ಹಾರಿ, ಉರುಳಿ, ಒಮ್ಮೆ ಕೂತಲ್ಲಿಂದಲೇ ಹಿಡಿದ. ಕೊನೆಯ ಸರದಿಯಲ್ಲಿ ಎರಡೂ ಕಡೆ ಅಂಕ ಸಮ. ವೆಂಡೆಲ್ ಬ್ಯಾಟು ಹಿಡಿದು ಬಂದಾಗ ಜನ ಕಾರಿನ ಕೀಲಿ ಹುಡುಕತೊಡಗಿದರು.

ಅವನು ಕಣ್ಣು ಮುಚ್ಚಿ ಬೀಸಿದ. ಚೆಂಡು ತಾನೇ ತಪ್ಪಿ ಬಂದು ಬ್ಯಾಟಿಗೆ ತಾಗಿ, ಎಡಮೈದಾನದ ಮೇಲೆ ಬಲೂನಿನಂತೆ ತೇಲಿತು. ಕೆಳಗೆ ಬೂನ್ ಆಕಾಶ ನೋಡುತ್ತ ನಿಂತಿದ್ದ. ಆಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ, ವೆಂಡೆಲ್ ಓಡಿ ಬರುತ್ತಾನೆಂದು.

ವೆಂಡೆಲ್ ಓಡುತ್ತಿದ್ದದ್ದೇನೋ ನಿಜ. ಬೇಸಿನಿಂದ ಬೇಸಿಗೆ. ಚೆಂಡು ಬಿದ್ದು ಬೇಲಿಯ ಮೂಲೆಗೆ ಉರುಳಿತು. ಬೂನ್ ಅದನ್ನು ಹುಡುಕಿ ಎತ್ತುವಷ್ಟರಲ್ಲಿ ವೆಂಡೆಲ್ ನಾಲ್ಕೂ ಬೇಸು ಸುತ್ತಿ ಹೊರಟಲ್ಲಿಗೇ ಬಂದು ನೀರು ಕುಡಿಯುತ್ತಿದ್ದ. ಬೀಳುವಾಗ ಚೆಂಡು ಬೂನ್‌ನ ಕೈಗೆ ತಾಗಿರಲಿಲ್ಲವಾದ್ದರಿಂದ ತಪ್ಪಿಲ್ಲ. ಅಂಕದ ಹಲಗೆಯ ಮೇಲೆ ಬಂದದ್ದು: ವೆಂಡೆಲ್ ಓಚೋವಾ, ಹೋಂ ರನ್. ಪಂದ್ಯ ಗೇಲ್‌ನ ಕ್ಲಬ್ಬಿನದಾಯಿತು.

ಗೇಲ್ ಮೆಟ್ಟಿಲಿಳಿದು ಓಡಿ ಬಂದು ಮೀನಿನ ಬಾಯೊಳಗೆ ಕೂಗಿದಳು. "ಲಾನಿ! ಹೊಡೆಯಕ್ಕೆ ಬರಲ್ಲ ಅಂದಿದ್ದೆಯಲ್ಲೋ!"

"ಸುಮ್ನೆ ಸಂಕೋಚ ಮೇಡಂ."

"ನಾಳೆಯಿಂದ ಮತ್ತೆ ಹುಡುಗ್ರನ್ನ ಹುಡುಕ್ತಾ ಊರೂರು ಹೋಗು. ಬಿಚ್ಚು ಆ ವೇಷ."

"ಜಿಪ್ಪು ಸಿಕ್ಕೊಂಡಿದೆ. ವೆಂಡೆಲ್‌ನ ಕರೀರಿ, ಅವನ ಕೈ ಒಳ್ಳೇದು."