ನೂರರಲ್ಲಿ ಒಬ್ಬ

ಅಣ್ಣ ನೀರಿನಿಂದ ಮೇಲೆ ಬಂದ ಮೇಲೆ ತಂಗಿ ಎಂದಿನಂತೆ ಅವನ ಎದೆಗೆ ಪುಟ್ಟ ಯಂತ್ರವನ್ನು ಒತ್ತಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ರಕ್ತ ಹರಿಯುವ ಸದ್ದಿನ ನಡುವೆ ಅಲ್ಲೊಂದು ಇಲ್ಲೊಂದು ಚಿಟಕ್ ಎಂದಿತು. ಗುಳ್ಳೆಗಳು. ಹೆಚ್ಚೇನಿಲ್ಲ. ಆ ವಾರ ಅವಳು ಆಲಿಸಿದ ಎದೆಗಳಲ್ಲೆಲ್ಲ ಇದರಲ್ಲೇ ಆ ಸದ್ದು ಕಡಿಮೆ.

“ಏನಂತೆ ನನ್ನ ಎದೆ?”

“ಹಸಿವಂತೆ. ಹೋಗಿ ಊಟ ಮಾಡು.”

ಅಣೆಕಟ್ಟೆಯ ಗೋಡೆಯ ಬಿರುಕನ್ನು ನೀರಿನಡಿಯಲ್ಲೇ ಮುಚ್ಚುವ ಕಂಪನಿ ಅದು. ಅಣ್ಣ ಅಲ್ಲಿ ಮುಳುಗುಗಾರ. ತಂಗಿಯದು ದಡದ ತಗಡಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೆಲಸ. ಆಳದಲ್ಲಿ ಉಸಿರಾಡಿದ ಗಾಳಿ ಒತ್ತಡಕ್ಕೆ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಮುಚ್ಚಳ ತೆಗೆದ ಸೋಡಾದಂತೆ ಮೈಯೊಳಗೇ ನೊರೆ ಏಳುತ್ತದೆ. ಅದಕ್ಕೇ ದಾರಿಯಲ್ಲಿ ನಿಂತು ನಿಂತು ಬರಬೇಕು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅವಳ ಲೆಕ್ಕ ಹೇಳುತ್ತಿತ್ತು. ಮುಳುಗುಗಾರರು ಅವಳನ್ನು ‘ಲೆಕ್ಕದಕ್ಕ’ ಎಂದೇ ಕರೆಯುತ್ತಿದ್ದರು.

ಊಟದ ಮಧ್ಯೆ ಅಣ್ಣ ಕಾಲು ಜಾಡಿಸಿದ. “ಜೋಮು ಹಿಡಿದಿದೆ ಕಣೋ” ಎಂದ. ಪಕ್ಕದಲ್ಲಿದ್ದ ಇನ್ನೊಬ್ಬ ಮುಳುಗುಗಾರ, ಗಡ್ಡದವನು, “ಕೂತು ಉಣ್ಣೋ ಸುಖಕ್ಕೆ ಕಾಲಿಗೂ ನಿದ್ದೆ ಬಂದಿರಬೇಕು” ಎಂದು ನಕ್ಕ. ಅಣ್ಣ ಏಳಲು ಹೋಗಿ, ಮೇಜಿನ ಅಂಚು ಹಿಡಿದವನು, ತಟ್ಟೆಯ ಸಮೇತ ಕುಸಿದು ಬಿದ್ದ. ಗಡ್ಡದವನು ಇನ್ನೂ ನಗುತ್ತಲೇ ಇದ್ದ.

ದಡದಲ್ಲೇ ಇದ್ದ ಉಕ್ಕಿನ ಒತ್ತಡದ ಕೋಣೆಗೆ ಅವನನ್ನು ಎತ್ತಿ ಹಾಕಿದರು. ಒತ್ತಡ ಏರಿಸಿದರೆ ಗುಳ್ಳೆ ಕುಗ್ಗುತ್ತದೆ. ತಂಗಿ ದಪ್ಪ ಗಾಜಿನ ಕಿಂಡಿಗೆ ಹಣೆ ಹಚ್ಚಿ ನಿಂತಳು. ಗುಳ್ಳೆಗಳೇನೋ ಕುಗ್ಗಿದವು. ಆದರೆ ಬೆನ್ನುಹುರಿಯಲ್ಲಿ ಅವು ಮಾಡಬೇಕಾದ್ದನ್ನು ಅಷ್ಟರಲ್ಲಿ ಮಾಡಿ ಮುಗಿಸಿದ್ದವು. ಸೊಂಟದ ಕೆಳಗೆ ಇನ್ನು ಏನೂ ಮರಳುವುದಿಲ್ಲ ಎಂದು ಆಸ್ಪತ್ರೆಯ ವೈದ್ಯೆ ಸುತ್ತಿಬಳಸದೆ ಹೇಳಿದರು.

ಮ್ಯಾನೇಜರ್ ಅವಳನ್ನು ಕರೆಸಿದರು. “ಬೇಗ ಮೇಲೆ ಬಂದ್ಬಿಟ್ನಾ?”

“ಇಲ್ಲ ಸರ್. ಅವನ ಕೈಗೆ ಕಟ್ಟಿದ್ದ ಆಳದ ಮೀಟರ್ ನೋಡಿದೆ. ಹೇಳಿದ ಕಡೆ ನಿಂತಿದ್ದಾನೆ, ಹೇಳಿದಷ್ಟು ಹೊತ್ತೂ ನಿಂತಿದ್ದಾನೆ.”

“ಹಾಗಾದ್ರೆ ನಿಮ್ಮ ಲೆಕ್ಕ ತಪ್ಪಿದೆ.”

“ಲೆಕ್ಕಾನೂ ತಪ್ಪಿಲ್ಲ. ನೂರರಲ್ಲಿ ಒಬ್ಬರಿಗೆ ಆಗಬಹುದು ಅಂತ ಅದು ಮೊದಲೇ ಹೇಳಿತ್ತು. ಅಷ್ಟಕ್ಕೆ ನೀವೂ ಒಪ್ಪಿದ್ರಿ, ನಾನೂ ಒಪ್ಪಿದ್ದೆ.”

“ಆ ಒಬ್ಬ ಯಾರು ಅಂತ ಹೇಳಲ್ವಾ ಅದು?”

“ಹೇಳಲ್ಲ.”

ಮ್ಯಾನೇಜರ್ ಕಿಟಕಿಯತ್ತ ತಿರುಗಿದರು. ಬಿರುಕು ಇನ್ನೂ ಅರ್ಧ ಬಾಕಿಯಿತ್ತು. ಮರುವಾರ ಗಡ್ಡದವನು ಇಳಿದ. ಅವಳು ನಿಲ್ಲುವ ಹೊತ್ತನ್ನು ಹೆಚ್ಚಿಸಿದ್ದಳು. ನೂರರಲ್ಲಿ ಒಬ್ಬ ಎಂದಿದ್ದುದು ಇನ್ನೂರರಲ್ಲಿ ಒಬ್ಬ ಎಂದಾಯಿತು. ಇನ್ನೂ ಹೆಚ್ಚಿಸಿದರೆ ಚಳಿಯಲ್ಲಿ ಮರಗಟ್ಟುತ್ತಾರೆ. ಸೊನ್ನೆಗೆ ತರಬೇಕಾದರೆ ಯಾರೂ ನೀರಿಗೆ ಇಳಿಯಬಾರದು.

ಆಸ್ಪತ್ರೆಯಲ್ಲಿ ಅಣ್ಣ ಅವಳ ಮುಖ ಕಂಡದ್ದೇ ತಡ, “ನಾನು ಬೇಗ ಬಂದೆ, ಅಲ್ವಾ? ಕೊನೇ ಸಲ ನಿಂತಾಗ ಚಳಿ ತಡೀಲಿಲ್ಲ ಅನ್ಸತ್ತೆ. ಸರಿಯಾಗಿ ನೆನಪಾಗ್ತಿಲ್ಲ” ಎಂದ.

“ಇಲ್ಲ ಅಣ್ಣ. ನೀನು ಎಲ್ಲಾನೂ ಸರಿಯಾಗೇ ಮಾಡಿದ್ದೆ.”

ಅದನ್ನು ಕೇಳಿ ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಅವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡಿದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಮಂಚದ ಪಕ್ಕದಲ್ಲೇ ಇದ್ದ ಅತ್ತಿಗೆ ಅವಳನ್ನು ವರಾಂಡಕ್ಕೆ ಎಳೆದುಕೊಂಡು ಹೋದಳು. “ಹೌದು, ನೀನು ಬೇಗ ಬಂದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ತನ್ನದೇ ತಪ್ಪು ಅಂತ ಬೈಕೊಂಡಾದ್ರೂ ಇರೋರು. ಈಗ ಯಾರನ್ನ ಬೈಬೇಕು ಅವರು? ನಾನು ಯಾರನ್ನ ಬೈಲಿ?”

“ನನ್ನನ್ನೇ ಬೈಯಿ ಅತ್ತಿಗೆ.”

“ಬೈಬೇಕು ಅಂತಾನೇ ಬಂದೆ. ನಿನ್ನದೂ ತಪ್ಪಿಲ್ವಂತಲ್ಲ.”

ಎರಡು ದಿನ ಅವಳು ಅದನ್ನೇ ಮನಸ್ಸಿನಲ್ಲಿ ಮೆಲುಕು ಹಾಕಿದಳು. ಮೂರನೆಯ ದಿನ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತು, “ಮೀಟರ್ ಇನ್ನೊಂದ್ಸಲ ನೋಡಿದೆ ಅಣ್ಣ. ಕೊನೇಲಿ ನೀನು ಸ್ವಲ್ಪ ಬೇಗಾನೇ ಬಂದಿದ್ದೆ” ಎಂದಳು.

ಅಣ್ಣ ತುಸು ನಕ್ಕ. “ನಿನಗೆ ಸುಳ್ಳು ಹೇಳೋಕೆ ಚಿಕ್ಕಂದಿನಿಂದ್ಲೂ ಬರಲ್ಲ. ಕಿವಿ ಕೆಂಪಾಗತ್ತೆ.” ಮತ್ತೆ, “ಇನ್ನೊಂದ್ಸಲ ಹಂಗೆ ಹೇಳಬೇಡ” ಎಂದ.

ಅಷ್ಟರಲ್ಲಿ ನರ್ಸ್ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಮನೆಗೆ ಹೋದ ಮೇಲೆ ದಿನಾ ಕಾಲು ತಿಕ್ಕಬೇಕು, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ, ಇಬ್ಬರೂ ಕಲಿತುಕೊಳ್ಳಿ ಎಂದಳು. ಅತ್ತಿಗೆ ಒಂದು ಕಾಲು ಹಿಡಿದಳು, ತಂಗಿ ಇನ್ನೊಂದು. ಹಿಮ್ಮಡಿಯಿಂದ ಮಂಡಿಯವರೆಗೆ, ಮತ್ತೆ ಮಂಡಿಯಿಂದ ಕೆಳಗೆ. ಅಣ್ಣ ಸೂರನ್ನೇ ನೋಡುತ್ತಾ ಮಲಗಿದ್ದ. ಎಣ್ಣೆ ಮುಗಿಯುತ್ತಾ ಬಂದಾಗ ಅವನು ಕೇಳಿದ:

“ಯಾಕೆ, ಇನ್ನೂ ಶುರು ಮಾಡಿಲ್ವಾ?”

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡಳು. “ಈಗ ಮಾಡ್ತೀವಿ” ಎಂದಳು.