ದೇವದಾನಪ್ಪನ ಕುಣಿ

2024ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ವರದಪ್ಪ ಎತ್ತಿ ಹಾಕಿದ ಹಾರೆ ಒಣಗಿದ ಎರೆಮಣ್ಣಿಗೆ ಬಡಿದು ಹಿಂದಕ್ಕೆ ಜಿಗಿಯಿತು. ಮಸ್ಕಿಯ ಕ್ರೈಸ್ತ ಸಭೆಯವರು ಹೆಣ ಹೂಳುವ ಕುಣಿಯನ್ನು ಕೂಲಿಯವರಿಂದ ತೋಡಿಸುವುದಿಲ್ಲ. ಸೇವೆಯೆಂದು ತಾವೇ ತೋಡುತ್ತಾರೆ. ಇಂದಿನದು ಸಭೆಯ ಹಿರಿಯ ದೇವದಾನಪ್ಪನಿಗೆ, ವರದಪ್ಪನ ದೊಡ್ಡಪ್ಪನಿಗೆ. ಐದೂವರೆ ಅಡಿಗೆ ಕಡಿಮೆಯಾದರೆ ನಾಯಿಗಳು ಕೆದರುತ್ತವೆ. ಸಿಂಧನೂರಿನಿಂದ ಪೆಟ್ಟಿಗೆ ಬಂದ ಮೇಲೆ, ನಾಲ್ಕಕ್ಕೆ ಮಣ್ಣು.

ಫೋನು ಎದುರಿಗಿದ್ದಷ್ಟು ಹೊತ್ತು ಒಬ್ಬೊಬ್ಬರೂ ಒಂದೊಂದು ಬುಟ್ಟಿ ಮಣ್ಣು ಎತ್ತಿದರು. ಕಾರ್ಯದರ್ಶಿ ಸಮುವೇಲಪ್ಪ ಎರಡು ಎತ್ತಿದ. ಮೊದಲನೆಯ ಫೋಟೋದಲ್ಲಿ ಅವನ ಕಣ್ಣು ಮುಚ್ಚಿಕೊಂಡಿತ್ತು. ಆಮೇಲೆ ಎಲ್ಲರೂ ಬೇವಿನ ನೆರಳಿಗೆ ಸರಿದು, ಚಹಾ ಕುಡಿಯುತ್ತ ಸತ್ತವನನ್ನು ಹೊಗಳಿದರು.

“ನಿಮ್ಮ ದೊಡ್ಡಪ್ಪ ಸೇವಾದಾಗ ಸವದ ಜೀವ,” ಎಂದ ಸಮುವೇಲಪ್ಪ.

“ಫೋಟೋದಾಗ ಸವದಾನ್ರೀ,” ಎಂದ ವರದಪ್ಪ. ನಕ್ಕವರಲ್ಲಿ ಸಮುವೇಲಪ್ಪನೂ ಇದ್ದ.

*

ಹಿಂದಿನ ಚಳಿಗಾಲದಲ್ಲಿ ದೇವದಾನಪ್ಪ ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ಗುರುಗುಂಟಾದ ಹುಸೇನ್‌ಬೀ ಎಂಬ ಮುದುಕಿಗೆ ಕಂಬಳಿ ಕೊಟ್ಟಿದ್ದ. ಕೊಟ್ಟ ಎನ್ನುವುದಕ್ಕಿಂತ ಹಿಡಿದುಕೊಂಡಿದ್ದ. ಫೋಟೋ ಆಗುವವರೆಗೆ ತನ್ನ ಕಡೆಯ ತುದಿ ಬಿಡಲಿಲ್ಲ. ಮುದುಕಿ ಇನ್ನೊಂದು ತುದಿ ಹಿಡಿದು ನಡುಗುತ್ತ ನಿಂತಿದ್ದಳು.

ಮರಳಿ ಬರುವಾಗ ಬಸ್ಸಿನಲ್ಲಿ, ಜೊತೆಗೆ ಹೋಗಿದ್ದ ವರದಪ್ಪ, ನಾಚಿಕೆಯಾಗುವುದಿಲ್ಲವೇ ಎಂದು ಕೇಳಿಯೇಬಿಟ್ಟ.

“ನನ್ನ ಆಸೆ ಹೊಲಸ ಐತಿ, ಖರೆ,” ಎಂದ ದೇವದಾನಪ್ಪ. “ಅದು ಸ್ವಚ್ಛ ಆಗೋತನಕ ಆಕಿ ಚಳ್ಯಾಗ ಕುಂಡ್ರಬೇಕೇನಲೇ? ನಿನ್ನ ಮನಸು ಸ್ವಚ್ಛ ಐತೆಲ್ಲ, ನೀ ಎಷ್ಟ ಕಂಬಳಿ ಕೊಟ್ಟಿ?”



*

ಎರಡೂವರೆಗೆ ಕುಣಿ ಸೊಂಟ ದಾಟಿತ್ತು. ಸಮುವೇಲಪ್ಪ ಅಂಚಿಗೆ ಬಂದು, “ಸಾಕು ಬಿಡಪ್ಪ, ಒಳಗ ಎಷ್ಟೈತಿ ಅಂತ ಯಾರ ನೋಡ್ತಾರ?” ಎಂದು ಫೋಟೋಕ್ಕೆ ಫೋನು ಎತ್ತಿದ.

ವರದಪ್ಪನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹಾರೆ ಮೊದಲಿಗಿಂತ ಮೇಲಕ್ಕೆ ಹೋಯಿತು. ಬೆಳಿಗ್ಗೆಯಿಂದ ತಾನು ತೋಡುತ್ತಿದ್ದದ್ದು ನೆರಳಿನಲ್ಲಿ ಕುಳಿತವರ ಮುಖಕ್ಕೆ ಹೊಡೆಯಲೆಂದು ಎನ್ನುವುದು ಆಗ ತಿಳಿದು, ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

“ಅದನ್ನ ಕಿಸೇದಾಗ ಇಡ್ರಿ,” ಎಂದ.

ಹೆಣ ತರಲು ಎಲ್ಲರೂ ಹೊರಟುಹೋದರು. ನೋಡುವವರಿಲ್ಲದ ಕೂಡಲೇ ತೋಳುಗಳು ಸೋತವು. ಮೇಲೆ ಹತ್ತಲು ಒಂದು ಮೊಣಕಾಲನ್ನು ಅಂಚಿಗಿಟ್ಟ. ಮತ್ತೆ ಇಳಿದು ಹಾರೆ ಹಿಡಿದ.

ನಾಲ್ಕಕ್ಕೆ ಸಮುವೇಲಪ್ಪ, ತಾವೆಲ್ಲ ಸೇರಿ ತೋಡಿದ ಕುಣಿಗಾಗಿ ದೇವರಿಗೆ ಸ್ತೋತ್ರ ಹೇಳಿದ. ವರದಪ್ಪ ಹಿಂದಿನ ಸಾಲಿನಲ್ಲಿ ಉಗುರಿನ ಮಣ್ಣು ತೆಗೆಯುತ್ತ ನಿಂತಿದ್ದ. ಪೆಟ್ಟಿಗೆ ಇಳಿಸುವಾಗ, ಪ್ರತಿ ಸಲವೂ ಸಾಕಾಗುತ್ತಿದ್ದ ಸಭೆಯ ಹಗ್ಗ ಸಾಲಲಿಲ್ಲ. ಇನ್ನೊಂದು ತರಿಸಿ ಗಂಟು ಹಾಕಿದರು. ಕುಣಿಯ ಆಳ ಐದು ಅಡಿ ಏಳು ಇಂಚು.